ಚಾವಿ ಗಿರಣ್ಯಾಗ ಅದ

ಮೆಥಡಿಸ್ಟ್ ಗುಡಿ ಚಾವಿ ನಮ್ಮ ಗಿರಣ್ಯಾಗ ಅದ.
ಯಾಕಂದ್ರ ಈ ಅಕ್ಕಲಕೋಟಿ ರಸ್ತಾದಾಗ
ಎಲ್ಲಾರಕಿಂತ ಮೊದಲು ತೆರೆಯೋದು,
ಎಲ್ಲಾರಕಿಂತ ಕಡೀಕ ಮುಚ್ಚೋದು ಗಿರಣಿನೇ.
ನಮ್ಮತ್ತಿ ಕಾಲಕ್ಕ ಇಸಾಕಪ್ಪ ತಂದು ಮೊಳಿಗೆ ಹಾಕಿದ್ನಂತ:
‘ಹೊಲಕ್ಕ ಹೋಗಿ ಬರ್ತೀನವ್ವ, ಸಂಜೀತನಕ ಇರಲಿ.’
ಆ ಸಂಜಿ ಇನ್ನಾ ಆಗಿಲ್ಲ.

ಗೇಣುದ್ದ ಕಬ್ಬಿಣದ ಚಾವಿ. ಹಿಟ್ಟು ಕೂತು ಕೂತು
ಬೆಳ್ಳಗಾಗ್ಯದ, ಮುದುಕರ ಹುಬ್ಬಿನಂಗ.
ಬಾಜೂಕ ಒಂದು ವಹಿ, ದಾರ ಕಟ್ಟಿದ ಪೆನ್ಸಿಲು.
ಒಯ್ದವರು ಬರೀಬೇಕು.
ಕನ್ನಡದಾಗ ಬರೀತಾರ, ಮರಾಠ್ಯಾಗ ಬರೀತಾರ,
ಬರೆಯಾಕ ಬರದ ಸೋನಾಬಾಯಿ ಒಂದು ಸೂಜಿ ಗೀಚ್ತಾಳ:
ಸೋಮವಾರ, ಹೊಲಿಗಿ ಕ್ಲಾಸು.

ಶಾಲಿ ತಗಡು ಗಾಳಿಗೆ ಹಾರಿದ ವರ್ಷ
ನಾಕನೇತ್ತೆ ಕನ್ನಡ ಅಲ್ಲೇ ನಡೀತು.
ಮಗ್ಗಿ ಒದರೋದು ಗಿರಣಿ ಸಪ್ಪಳಾ ದಾಟಿ ಬರ್ತಿತ್ತು.
ಹದಿನೇಳರ ಮಗ್ಗಿಗೆ ಮಾತ್ರ ದನಿ ಇಳೀತಿತ್ತು.
ಆವಾಗ ನಾನು ಪಟ್ಟಾ ನಿಲ್ಲಿಸಿ ಕಿವಿಗೊಡ್ತಿದ್ದೆ;
ನನಗೂ ಅದು ಬರೂದಿಲ್ಲ.

ಆಷಾಢದಾಗ ಪಂಢರಪುರದ ದಿಂಡಿ.
ಮಳಿ ಹೊಡೆದ ಒಂದು ರಾತ್ರಿ ಅರವತ್ತು ಮಂದಿ
ಬೆಂಚು ಸರಿಸಿ ಮಲಗಿದ್ರು, ತಾಳ ತಲಿ ಕೆಳಗ.
ಮುಂಜಾನೆ ಚಾವಿ ಕೊಡಾಕ ಬಂದ ಮುದುಕ ಕೇಳ್ದ:
‘ಒಳಗಿನ ದೇವರಿಗೆ ಏನು ಎಡಿ ಹಿಡೀಬೇಕು?’
ಜ್ವಾಳದ ಪಾಳ್ಯಾಗ ನಿಂತಿದ್ದ ಇಸಾಕಪ್ಪನ ಮಗ ದಾನೇಲಪ್ಪ ಅಂದ:
‘ಕಸಾ ಹೊಡೆದ್ರ ಸಾಕು.’
ಹೊಡೆದಿದ್ರು. ಕಿಟಕ್ಯಾಗ ಒಂದು ತುಳಸಿ ಎಸಳು ಉಳಿದಿತ್ತಂತ.
ಐತವಾರ ಅದನ್ನ ಯಾರೂ ತೆಗೀಲಿಲ್ಲಂತ.

ಬ್ಯಾನಿ ವರ್ಷ ಕಬ್ಬು ಕಡಿಯಾಕ ಹೋದವರು ತಿರುಗಿ ಬಂದ್ರು.
ಊರೊಳಗ ಬಿಡಲಿಲ್ಲ. ಹದಿನಾಕು ದಿನ ಅಲ್ಲಿ.
ವಹಿಯಾಗ ಆ ಹಾಳಿ ಖಾಲಿ ಅದ.
ಚಾವಿ ಮುಟ್ಟಾಕ ಎಲ್ಲಾರಿಗೂ ಅಂಜಿಕಿ. ನನಗೂ.
ಕೋಲಿನ ತುದಿಗೆ ಸಿಗಿಸಿ ದೂರ ನಿಂತು ಕೊಟ್ಟೆ,
ತಗೊಂಡ ಹುಡುಗಿಗೆ ಒಂಬತ್ತೋ ಹತ್ತೋ ವರ್ಷ.
ಬರೆದಿಲ್ಲ ಅದನ್ನ.
ಈಗ ಹೇಳಾಕತ್ತೀನಿ.

ಹೋದ ಚಳಿಗಾಲಕ್ಕ ಸೋಲಾಪುರದಿಂದ ಕಮಿಟಿಯವರು ಬಂದ್ರು.
ನೂರು ವರ್ಷದ ಮ್ಯಾಲಿನ ಕಟ್ಟಡ, ಜೋಪಾನ, ಅಂದ್ರು.
ತಪ್ಪಲ್ಲ. ಕರಿಕಲ್ಲಿನ ಗೋಡಿ ಬಿರುಕಿನಾಗ
ಹೊರಗಿಂದನ ಬೆರಳು ಹೋಗ್ತದ.
ಹಿತ್ತಾಳಿ ಹೊಸ ಕೀಲಿ ಜಡಿದ್ರು.
ಅದರ ಚಾವಿ ಖಜಾಂಚಿ ಕಿಸೆದಾಗ ಬಸ್ಸು ಹತ್ತಿ ಹೋಯ್ತು.

ಸೋಮವಾರ ಸೋನಾಬಾಯಿ ಮಷಿನ್ನು ಒಳಗ, ಅಕಿ ಹೊರಗ.
ಮೆಟ್ಲ ಮ್ಯಾಲ ಕೂತು ಕೈಲೆ ಗುಂಡಿ ಹಚ್ಚಿದ್ಳು.
ಬಚತ್ ಗಟದ ಹೆಣ್ಮಕ್ಕಳು ಬೇವಿನ ಗಿಡದ ಬುಡಕ
ರೊಕ್ಕಾ ಎಣಿಸಿದ್ರು, ಗಾಳಿಗೆ ನೋಟು ಹಿಡಕೊಂತ.
ಬಂದವರು ಮೊಳಿ ನೋಡೋದು, ನನ್ನ ಮಾರಿ ನೋಡೋದು.
ಮೊಳ್ಯಾಗ ಹಳೇ ಚಾವಿ ತೂಗ್ತಿತ್ತು,
ಯಾ ಬಾಗಿಲದ್ದೂ ಅಲ್ಲದ್ದು.

ಏಳು ವಾರ.
ಎಂಟನೇದಕ್ಕ ಪಾಸ್ಟರು ಸೈಕಲ್ ಮ್ಯಾಲ ಬಂದು
ಎರಡು ಕಿಲೋ ಜ್ವಾಳಾ ಇಟ್ರು. ಬೀಸೋತನಕ ಮಾತಿಲ್ಲ.
ಡಬ್ಬಿ ಎತ್ತುವಾಗ ಮೊಳಿ ಕಡೆ ಏನೋ ಕಿಣ್ ಅಂತು.
‘ವಹಿಯಾಗ ಬರೀರಿ’ ಅಂದೆ.
ಪೆನ್ಸಿಲು ನಾಲಿಗಿಗೆ ಹಚ್ಚಿ ಬರೆದ್ರು: ‘ತಂದಿಟ್ಟದ್ದು’.
ಯಾರು ಅಂತ ಬರೀಲಿಲ್ಲ. ನಾನೂ ಕೇಳಲಿಲ್ಲ.
ಬೀಸಿದ್ದಕ್ಕ ಚಿಲ್ಲರೆ ಮಾತ್ರ ಸರಿಯಾಗಿ ಕೊಟ್ರು.

ಬಿರುಕಿಗೆ ಅಡ್ಡ ಒಂದು ಗಾಜಿನ ಪಟ್ಟಿ ಹಚ್ಚಿ ಹೋಗ್ಯಾರ.
ಗೋಡಿ ಸರಿದ್ರ ಗಾಜು ಒಡೀತದ, ಅಂದ್ರ ಗೊತ್ತಾಗ್ತದ.
ನೋಡವರ್ಯಾರು?
ನಲವತ್ತು ವರ್ಷ ಚಾವಿ ಕಾಯ್ದೆ, ಹೊಸ್ತಿಲ ದಾಟಿದ್ದಿಲ್ಲ.
ಯಾರೂ ಬ್ಯಾಡ ಅಂದಿದ್ದಿಲ್ಲ, ಕೆಲಸ ಬಿದ್ದಿದ್ದಿಲ್ಲ ಅಷ್ಟೇ.

ಈಗ ಶನಿವಾರಕ್ಕೊಮ್ಮೆ ವಹಿಯಾಗ ಬರೀತೀನಿ:
ನೀಲವ್ವ, ಗಿರಣಿ, ಗಾಜು ನೋಡಾಕ.
ಒಳಗ ತಂಪದ. ನೆಲದ ಮ್ಯಾಲ ಸೋನಾಬಾಯಿ ಸೀಮೆಸುಣ್ಣದ ಗೆರಿ,
ಯಾರದೋ ಜಂಪರಿನ ಅರ್ಧಾ ತೋಳು.
ಬೆಂಚಿನ ಬೆನ್ನಿಗೆ ಹದಿನೇಳರ ಮಗ್ಗಿ, ಆರಕ್ಕ ನಿಂತದ್ದು.
ಬೆರಳಿಂದ ಗಾಜು ತಡವಿ ನೋಡ್ತೀನಿ.

ಇನ್ನಾ ಒಡೆದಿಲ್ಲ.
ಹಿಟ್ಟು ಹತ್ತೇದ.